ಗಾಡಿ ಕಟ್ಟುವ ಮುಂಚೆ ಕೈ ನೋಡುವುದು

ಆ ದಿನ ಶ್ರೀಶೈಲ ಹೊತ್ತು ಏರುವ ಮೊದಲೇ ಬಂದು, ಇಂಡಿ ಊರಿನ ನಮ್ಮ ಅಂಗಡಿಯ ಮುಂದಿನ ಬೇವಿನ ನೆರಳಿಗೆ ತನ್ನ ಖಾಲಿ ವ್ಯಾನು ನಿಲ್ಲಿಸಿದ್ದ. ಅವನು ಬಸವನ ಬಾಗೇವಾಡಿ ಕಡೆಯವನು. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಪಂಪುಗಳ ರಿಪೇರಿ ಅವನ ಕಸುಬು. ಬಾಡಿಗೆ ಅಂಗಡಿಯನ್ನು ಮಾಲೀಕರು ಬಿಡಿಸಿಕೊಂಡಿದ್ದರಿಂದ ಸಾಮಾನೆಲ್ಲ ಚೀಲಕ್ಕೆ ತುಂಬಿ ಅಕ್ಕನ ಮನೆಯಲ್ಲಿ ಇಟ್ಟಿದ್ದ. ಇನ್ನು ಮೇಲೆ ಗಾಡಿಯೇ ಅಂಗಡಿ, ತೋಟಕ್ಕೇ ಹೋಗಿ ರಿಪೇರಿ ಮಾಡುತ್ತೇನೆ ಎಂದು ವ್ಯಾನು ಕೊಂಡಿದ್ದ. ಬಳ್ಳಿ ಕತ್ತರಿಸುವ ಚಾಟಣಿ ಶುರುವಾಯಿತೆಂದರೆ ತೋಟದವರಿಗೆ ಪಂಪು ದಿನವೂ ಬೇಕು. ಅದಕ್ಕೆ ಮೊದಲು ಗಾಡಿ ತಯಾರಾಗದಿದ್ದರೆ ಆ ಹಂಗಾಮು ಪೂರ್ತಿ ಬೇರೆಯವರ ಪಾಲು.

ನನ್ನ ಹೆಂಡತಿ ಮಹಾದೇವಿ ಅವನನ್ನು ಗಾಡಿಯೊಳಗೆ ಕೂಡಿಸಿ, ಒಂದು ಹಳೆಯ ಪಂಪು, ಬೋಲ್ಟು ಬಿಚ್ಚುವ ಪಾನಾಗಳನ್ನು ಅವನ ಮುಂದಿಟ್ಟು, ತಾನು ಹಿಂದಿನ ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕುಳಿತಳು. ಕೈಯಲ್ಲಿ ಶಾಲೆಯ ಹಲಗೆಗೆ ಬರೆಯುವ ಖಡು.

“ಸೆಟದ ಕುಂಡ್ರಬ್ಯಾಡೋ ತಮ್ಮಾ. ಹೆಣ್ಣ ನೋಡಾಕ ಬಂದಾಂವನಂಗ ಯಾಕ ಕುಂತಿ?”

“ಹಂಗಲ್ರೀ ಕಾಕು, ನೀವು ಖಡು ಹಿಡಕೊಂಡ ಕುಂತ್ರ ನನಗ ಸಾಲಿ ಮಾಸ್ತರ ನೆಪ್ಪ ಆಗ್ತಾರ್ರಿ.”

“ಹೊಡೀತಿದ್ರೇನು?”

“ಹೊಡೀಲಾರದ ಬಿಟ್ಟ ದಿನ ಯಾವುದು ಅಂತ ಕೇಳ್ರಿ.”

ಅಲ್ಲಿಂದ ಮಾತು ಹತ್ತಿತು. ನಾನು ಹೊರಗೆ ಚೌಕ ಪೈಪು ಕೊಯ್ಯುತ್ತಿದ್ದೆ. ನಡುನಡುವೆ ಗ್ರೈಂಡರ್ ನಿಲ್ಲಿಸಿದಾಗ ಇಬ್ಬರೂ ನಗುವುದು ಕೇಳುತ್ತಿತ್ತು. ಮಧ್ಯಾಹ್ನ ಮೂವರೂ ರೊಟ್ಟಿ ತಿಂದೆವು. ಊಟದ ಮೇಲೆ ಅವಳು ಇನ್ನಷ್ಟು ಹೊತ್ತು ಅವನ ಹತ್ತಿರ ಕುಳಿತು, ಗಾಡಿಯ ತಗಡಿನ ಮೇಲೆ ಅಲ್ಲಲ್ಲಿ ಖಡುವಿನ ಗುರುತು ಹಾಕಿ, ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದಳು.

“ಯಾವ ಗುರ್ತು ಯಾವುದರದು ಅಂತ ನಾಳಿ ಹೇಳ್ತೇನ್ರಿ. ಮಳಿ ಮಾಡ ಹಾಕೇತಿ, ಬಟ್ಟಿ ತಗೀಬೇಕು,” ಎಂದು ನನಗೆ ಹೇಳಿ ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ನೀರು ತುಂಬುವಾಗ ಬಿದ್ದಳು. ವಿಜಯಪುರದ ದವಾಖಾನೆ ಮುಟ್ಟುವುದರೊಳಗೆ ಉಸಿರು ಹೋಗಿತ್ತು. ಸಂಜೆಗೆ ಮಣ್ಣು ಮಾಡಿ ಬಂದೆವು.

ನಾನು ಏಳನೆಯ ಇಯತ್ತೆಯವರೆಗೆ ಮಾತ್ರ ಓದಿದವನು. ಮೊದಲಿನಿಂದಲೂ ಹೆಚ್ಚು ಮಾತಿನವನಲ್ಲ. ಈಗ ಐ.ಟಿ.ಐ. ಮುಗಿಸಿದ ಹುಡುಗರು ಈ ಕೆಲಸಕ್ಕೆ ಇಳಿಯುತ್ತಿದ್ದಾರೆ. ಖಾಲಿ ವ್ಯಾನು ತಂದುಕೊಟ್ಟರೆ ಅದರೊಳಗೆ ಖಾನೆ, ಡ್ರಾವರು, ಕೆಲಸದ ಮೇಜು, ಕರೆಂಟು ಎಲ್ಲ ಕೂಡಿಸಿ ಅದನ್ನು ನಡೆದಾಡುವ ವರ್ಕ್‌ಶಾಪ್ ಮಾಡಿಕೊಡುವ ಕೆಲಸ. ಅವರಲ್ಲಿ ಒಬ್ಬಿಬ್ಬರು ಮನೆಗೆ ಬಂದು ಕೇಳುತ್ತಾರೆ. ಎದುರಿಗೆ ಕುಳಿತು ಹೇಳಲು ನನಗೆ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಬರೆಯುವಾಗ ಮನೆ ಅಷ್ಟು ಖಾಲಿ ಅನಿಸುವುದಿಲ್ಲ, ಅದೂ ಒಂದು ಕಾರಣ.

ನಾನು ಕೆಲಸ ಕಲಿತದ್ದು ವಿಜಯಪುರದಲ್ಲಿ, ಲಾರಿಗೆ ಬಾಡಿ ಕಟ್ಟುವ ಒಂದು ಕಾರ್ಖಾನೆಯಲ್ಲಿ. ನನ್ನ ಮೇಲೆ ಇದ್ದವರು ದಸ್ತಗೀರ ಮೇಸ್ತ್ರಿ. ಎತ್ತರದ ಆಳು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಮಾಡಿದ ಕೆಲಸವನ್ನು ಅವರು ಕಣ್ಣಿನಿಂದ ನೋಡಿ ಒಪ್ಪುತ್ತಿರಲಿಲ್ಲ. ಹೊಸ ಬಾಡಿಯಲ್ಲಿ ಉಸುಕಿನ ಚೀಲ ಹೇರಿಸಿ, ನನ್ನನ್ನು ಹಿಂದೆ ಕೂಡಿಸಿ, ಊರ ಹೊರಗಿನ ಕೆಟ್ಟ ರಸ್ತೆಯ ಮೇಲೆ ತಾವೇ ಗಾಡಿ ಓಡಿಸುತ್ತಿದ್ದರು. ತಿರುಗಿ ಬಂದು ಇಳಿದ ಮೇಲೆ ಒಂದೇ ಪ್ರಶ್ನೆ.

“ಏನ ಕೇಳ್ತು?”

“ಏನಿಲ್ರಿ ಉಸ್ತಾದ.”

“ಏನಿಲ್ಲ? ಕಿವ್ಯಾಗ ಹತ್ತಿ ಇಟ್ಕೊಂಡಿದ್ದಿ? ಚಲೋ, ಇನ್ನೊಂದ ಸಲ ಹತ್ತು.”

ಮತ್ತೆ ಹತ್ತಬೇಕು. ಮೂಳೆಗಳೆಲ್ಲ ಸಡಿಲಾದ ಮೇಲೆ ಎಲ್ಲೋ ಒಂದು ಬೋಲ್ಟು ಕಿಟಿಕಿಟಿ ಎನ್ನುವುದು ಕಿವಿಗೆ ಬೀಳುತ್ತಿತ್ತು. ಅದನ್ನು ಬೆರಳಿಟ್ಟು ತೋರಿಸಿದರೆ ಆ ದಿನದ ಚಹಾ ಅವರದು. ಇಂದು ಕಿಟಿಕಿಟಿ ಎನ್ನುವುದು ನಾಳೆ ತೂತನ್ನು ದೊಡ್ಡದು ಮಾಡುತ್ತದೆ, ನಾಡಿದ್ದು ಖಾನೆಯನ್ನೇ ಕೆಳಗೆ ಕೆಡವುತ್ತದೆ. ಹೊಸಬರು ಬೇರೇನು ಮರೆತರೂ ಇದನ್ನು ಮರೆಯಬಾರದು. ಗಾಡಿ ಒಪ್ಪಿಸುವ ಮುಂಚೆ ಭಾರ ಹೇರಿ, ಹಿಂದೆ ಕುಳಿತು, ಕಿವಿಗೊಟ್ಟು ಒಂದು ಸುತ್ತು ಬರಬೇಕು.

ಮದುವೆಯಾದ ಮೇಲೆ ಇಂಡಿಗೆ ಬಂದು ಸ್ವಂತ ಅಂಗಡಿ ಹಾಕಿದೆ. ಮೊದಮೊದಲು ಕಿಟಕಿ, ಗೇಟು, ಟ್ರ್ಯಾಕ್ಟರ್ ಟ್ರೇಲರ್ ಇಷ್ಟೇ. ಮುದ್ದೇಬಿಹಾಳದಿಂದ ಮೋಟಾರು ಸುತ್ತುವ ಸಂಗಪ್ಪ ಎಂಬಾತ ಒಂದು ಹಳೆಯ ವ್ಯಾನು ತಂದು, ಇದರೊಳಗೆ ನನ್ನ ಅಂಗಡಿ ಕೂಡಿಸಿಕೊಡು ಎಂದಾಗ ಈ ಕೆಲಸ ಶುರುವಾಯಿತು. ಹೊಲದ ಬಾವಿಯ ಹತ್ತಿರವೇ ಮೋಟಾರು ಬಿಚ್ಚಿ ನೋಡುವುದು ಅವನ ಲೆಕ್ಕ.

ಆ ಗಾಡಿಗೆ ನಾನು ಕಲಿತದ್ದನ್ನೆಲ್ಲ ಹಾಕಿದೆ. ಎರಡೂ ಬದಿಗೆ ಆ್ಯಂಗಲ್ ಚೌಕಟ್ಟು, ಒಂದೇ ಅಳತೆಯ ಖಾನೆಗಳು, ಪ್ರತಿ ಖಾನೆಗೆ ಅಂಚು, ಮೇಲೆ ಬೂದು ಬಣ್ಣ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಸಂಗಪ್ಪ ಗಾಡಿಗೆ ಕಾಯಿ ಒಡೆದು, ನಮಗೆ ಪೇಢೆ ಕೊಟ್ಟು ಹೋದ.

ಕೆಲವು ತಿಂಗಳ ಮೇಲೆ ನೆಂಟರ ಮನೆಯ ಕಾರ್ಯಕ್ಕೆಂದು ನಾವಿಬ್ಬರೂ ಆ ಕಡೆಗೆ ಹೋಗಿದ್ದೆವು. ದಾರಿಯ ಬದಿಯ ಹೊಲದಲ್ಲಿ ನಮ್ಮ ಗಾಡಿ ನಿಂತಿತ್ತು. ಇಳಿದು ನೋಡಿದೆವು. ಖಾನೆಗಳು ಖಾಲಿ. ಸುತ್ತಿಗೆ, ಪಾನಾ, ತಾಮ್ರದ ತಂತಿ, ವಾರ್ನಿಷ್ ಡಬ್ಬಿ, ಎಲ್ಲವೂ ಗಾಡಿಯ ನೆಲದ ಮೇಲೆ ಹರಡಿದ್ದವು. ನಡುವೆ ಸಂಗಪ್ಪ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ.

“ಯಾಕ ಸಂಗಪ್ಪಣ್ಣ, ಖಾನೇದಾಗ ಇಡೂದಿಲ್ಲೇನ್ರಿ?” ಎಂದು ಮಹಾದೇವಿ ಕೇಳಿದಳು.

“ಇಡ್ತೇನ್ರಿ ವೈನಿ, ಹಬ್ಬದಾಗ ಇಡ್ತೇನಿ. ಪೂಜಾ ಮಾಡಾಕ ಭಾಳ ಚಂದ ಕಾಣ್ತೈತಿ.”

ಬಸ್ಸಿನಲ್ಲಿ ತಿರುಗಿ ಬರುವಾಗ ನಾನು ಟಿಕೆಟ್ಟಿನ ಹಿಂದೆ ಖಾನೆಯ ಅಳತೆ ಮತ್ತೆ ಲೆಕ್ಕ ಹಾಕಿದೆ. ಅವಳು ದಾರಿಯುದ್ದಕ್ಕೂ ಒಳಗೊಳಗೆ ನಗುತ್ತಿದ್ದಳು. ಮನೆಗೆ ಬಂದು ಒಲೆ ಹಚ್ಚಿ ನನ್ನನ್ನು ಕರೆದಳು.

“ಏನ್ರೀ, ಬರ್ರಿಲ್ಲೆ. ನನ್ನ ಮುಖಾ ನೋಡ್ಕೋತ ಕುಂಡ್ರ್ರಿ.”

“ಯಾಕ?”

“ನೋಡ್ರಿ ಅಂದ್ರ ನೋಡ್ರಿ. ಹೊಸಾದೇನಲ್ಲ, ಅಂಜಬ್ಯಾಡ್ರಿ.”

ನನ್ನ ಕಡೆ ನೋಡುತ್ತಲೇ, ಸಂಗಪ್ಪನನ್ನು ಅಣಕಿಸಿ ಮಾತಾಡುತ್ತಲೇ ಅವಳು ಒಗ್ಗರಣೆ ಹಾಕಿದಳು. ಸಾಸಿವೆ, ಅರಿಸಿನ, ಉಪ್ಪು, ಯಾವುದರ ಕಡೆಗೂ ಕಣ್ಣು ಹೊರಳಿಸಲಿಲ್ಲ.

“ಈ ಡಬ್ಬಿ ನಾ ಇಟ್ಟ ಜಾಗಾದಾಗ ಇಲ್ಲರಿ. ಕೈ ಎಲ್ಲೆ ಹೋಗ್ತೈತಿ ಅಲ್ಲೆ ಅದಾವು. ನೀವು ಸಂಗಪ್ಪನ ಸಾಮಾನಿಗೆ ಮನಿ ಕಟ್ಟೀರಿ. ಅವನ ಕೈ ನೋಡಿಲ್ಲ.”

ಮುಂದಿನ ಗಾಡಿಯಿಂದ ಅವಳು ಅಂಗಡಿಗೆ ಬಂದಳು. ಕಬ್ಬಿಣ ಕೊಯ್ಯುವ ಮುಂಚೆ ಕಸುಬಿನವನನ್ನು ಖಾಲಿ ಗಾಡಿಯಲ್ಲಿ ಕೂಡಿಸಿ ಅವನದೇ ಒಂದು ಕೆಲಸ ಮಾಡಿಸುವುದು, ಅವನ ಕೈ ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿ ತಗಡಿನ ಮೇಲೆ ಖಡುವಿನಿಂದ ಗುರುತು ಹಾಕುವುದು. ಯಾವ ಗುರುತು ಯಾವ ಸಾಮಾನಿನದು ಎಂದು ಬರೆಯುತ್ತಿರಲಿಲ್ಲ. ಅದು ಅವಳ ತಲೆಯಲ್ಲಿ ಇರುತ್ತಿತ್ತು. ನಾನು ಅಳತೆ ಹಿಡಿದಾಗ ನಿಂತು ಹೇಳುತ್ತಿದ್ದಳು. ಇದಕ್ಕೆ ನಾವಿಬ್ಬರೂ ‘ಕೈ ನೋಡುವುದು’ ಎಂದು ಹೆಸರಿಟ್ಟೆವು. ಊರಿನವರಿಗೆ ಅದೊಂದು ತಮಾಷೆಯಾಯಿತು.

“ವೈನಿ, ನನ್ನ ಕೈಯಾಗ ಎರಡನೇ ಮದುವಿ ಐತೇನ ನೋಡ್ರಿ,” ಎಂದು ಚಹಾದ ಅಂಗಡಿಯವರು ಕೈ ಚಾಚುತ್ತಿದ್ದರು.

“ಮೊದಲನೇಕೀನ ಕೇಳ್ಕೊಂಡ ಬಾ. ಆಕಿ ಹೂಂ ಅಂದ್ರ ನೋಡ್ತೇನಿ.”

ಅವಳ ಕೈ ನೋಟ ಒಮ್ಮೆ ಪೂರಾ ತಪ್ಪಿತು. ಹೊಸಬರು ಈ ಸಂಗತಿಯನ್ನು ಗಮನವಿಟ್ಟು ಓದಬೇಕು.

ಸಿಂದಗಿ ತಾಲೂಕಿನ ದೇವಣಗಾಂವದಿಂದ ರಾಜೇಸಾಬ ಬಂದಿದ್ದ. ಊರೂರು ತಿರುಗಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಸಂಭಾವಿತ. ಮಹಾದೇವಿ ಎದುರಿಗೆ ಕುಳಿತು, ಆ ಪಕ್ಕಡ ಕೊಡು, ಈ ಸ್ಕ್ರೂಡ್ರೈವರ್ ತಗೋ, ಎಣ್ಣೆ ಡಬ್ಬಿ ಇಲ್ಲಿ ಕೊಡು ಎಂದು ಅವನ ಕೈ ಓಡಾಡಿಸಿ ಗುರುತು ಹಾಕಿದಳು. ನಾನು ಅದರಂತೆ ಚೌಕಟ್ಟು ಬೆಸೆದು ಗಾಡಿ ಕೊಟ್ಟೆ. ವಾರ ಕಳೆಯುವುದರೊಳಗೆ ಅವನು ತಿರುಗಿ ಬಂದ.

“ಅಣ್ಣಾ, ಗಾಡಿ ಭಾಳ ಚಂದ ಐತ್ರಿ. ಆದ್ರ ಅದು ನನ್ನ ಗಾಡಿ ಅಲ್ರಿ.”

“ಯಾರದು ಮತ್ತ?”

“ಕನ್ನಡ್ಯಾಗ ಇರೋ ರಾಜೇಸಾಬಂದು.”

ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಹಾದೇವಿ ಚಹಾ ತಂದಳು. ರಾಜೇಸಾಬ ಬಲಗೈ ಚಾಚಿ ಕಪ್ಪು ತೆಗೆದುಕೊಂಡ. ಅವಳು ಆಚೆ ಹೊರಳಿದ ಕೂಡಲೇ ಕಪ್ಪು ಎಡಗೈಗೆ ಬದಲಾಯಿತು. ಅವಳು ಅಲ್ಲಿಂದಲೇ ನೋಡಿದಳು.

“ಏ ರಾಜೇಸಾಬ, ನೀ ಎಡಚ ಅದಿ ಏನೋ?”

ಅವನು ತಲೆ ತಗ್ಗಿಸಿದ. “ಹೌದ್ರಿ ವೈನಿ.”

“ಮತ್ತ ಆ ದಿನ ಎಲ್ಲಾ ಬಲಗೈಲೆ ಮಾಡಿದೆಲ್ಲೋ!”

“ನೀವು ಅದು ಕೊಡು, ಇದು ತಗೋ ಅಂದ್ರಿ. ಹಿರ್ಯಾರ ಕೈಗೆ, ಅದೂ ಹೆಣ್ಣಮಕ್ಕಳ ಕೈಗೆ, ಎಡಗೈಲೆ ಹೆಂಗ ಕೊಡ್ಲಿ ನೀವಾ ಹೇಳ್ರಿ. ಅದಕ್ಕಾಗಿ ನಮ್ಮವ್ವನ ಕಡೆ ಎಷ್ಟ ಬಡಿಸಿಕೊಂಡೇನ್ರಿ ನಾ.”

ಮಹಾದೇವಿ ನಕ್ಕಳು. ನಕ್ಕು ನಕ್ಕು ಅಲ್ಲೇ ಕಬ್ಬಿಣದ ರಾಶಿಯ ಮೇಲೆ ಕುಳಿತಳು. ಅವನೂ ನಕ್ಕ. ಆಮೇಲೆ ಕಣ್ಣು ಒರೆಸಿಕೊಂಡು ನನಗೆ ಹೇಳಿದಳು: “ತಪ್ಪು ಅವಂದಲ್ರಿ. ಕೊಡು ತಗೋ ಅಂದ್ರ ಮಂದಿ ಮರ್ಯಾದಿ ಮಾಡ್ತಾರ, ಕೆಲಸ ಮಾಡೂದಿಲ್ಲ. ಅವರಿಗೆ ನಾ ಅಲ್ಲಿ ಇದ್ದದ್ದ ಮರತ ಹೋಗಬೇಕು.”

ಮುಂದೆ ಅವಳು ಗಾಡಿಯಲ್ಲಿ ಕುಳಿತ ಯಾರ ಕೈಯಿಂದಲೂ ಏನನ್ನೂ ಕೇಳಲಿಲ್ಲ. ತನ್ನ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮಾತಿಗೆ ಎಳೆಯುತ್ತಿದ್ದಳು. ಹಾಳು ಹರಟೆ ಅನಿಸುತ್ತಿತ್ತು. ಹೆಂಡತಿಯ ತವರು, ಶಾಲೆ ಬಿಟ್ಟ ಕಾರಣ, ಸೋದರಮಾವನ ಸಿಟ್ಟು, ಯಾರಿಗೆ ಯಾವುದು ಬೇಕೋ ಅದು. ಆ ಮನುಷ್ಯ ಮಾತಿನಲ್ಲಿ ಮುಳುಗಿದ ಮೇಲೆ ಅವನ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಆಗ ಅವಳ ಖಡು ಮೆಲ್ಲಗೆ ಓಡುತ್ತಿತ್ತು.

ರಾಜೇಸಾಬನ ಗಾಡಿಯಿಂದ ನಾನೂ ಒಂದು ಕಲಿತೆ. ಅವನ ಚೌಕಟ್ಟುಗಳನ್ನು ಬದಿ ಬದಲಿಸಲು ಎಲ್ಲ ಬೆಸುಗೆ ಕೊಯ್ಯಬೇಕಾಯಿತು. ಕೊಯ್ಯುವಾಗ ಕಿಡಿ ಹಾರಿ ಗಾಡಿಯ ಬಣ್ಣವೂ ಹಾಳಾಯಿತು. ಅಂದಿನಿಂದ ಗಾಡಿಯೊಳಗೆ ಬೆಸೆಯುವುದನ್ನು ಬಿಟ್ಟೆ. ಹೊರಗೆ ಚೌಕಟ್ಟು ಮಾಡಿ, ಒಳಗೆ ನಟ್ಟು ಬೋಲ್ಟಿನಿಂದ ಕೂಡಿಸುವುದು, ತಗಡಿಗೂ ಚೌಕಟ್ಟಿಗೂ ನಡುವೆ ರಬ್ಬರ್ ಇಡುವುದು. ಮನುಷ್ಯನ ಕೆಲಸ ಬದಲಾದರೆ ಖಾನೆಯೂ ಬದಲಾಗಬೇಕು, ಬೆಸೆದದ್ದು ಬದಲಾಗುವುದಿಲ್ಲ.

ಹೊರ್ತಿಯ ಲಗಮಣ್ಣನ ಗಾಡಿ ನೆನಪಾದರೆ ಈಗಲೂ ನಗು ಬರುತ್ತದೆ. ಎತ್ತುಗಳ ಕಾಲಿಗೆ ನಾಲ ಹೊಡೆಯುವ ಮುದುಕ. ಎತ್ತು ಕಡಿಮೆಯಾಗಿ, ಒಂದೇ ಊರಲ್ಲಿ ಕುಳಿತರೆ ಕೆಲಸ ಇಲ್ಲವೆಂದು ಮಗನ ಹಳೆಯ ಗಾಡಿಯಲ್ಲಿ ಸಂತೆ ಸಂತೆ ತಿರುಗಲು ಹೊರಟಿದ್ದ. ಅವನು ಕೆಲಸ ಮಾಡುವುದು ಗಾಡಿಯೊಳಗೆ ಅಲ್ಲ, ಹಗ್ಗ ಹಾಕಿ ಕೆಡವಿದ ಎತ್ತಿನ ಕಾಲ ಬಳಿ, ನೆಲದ ಮೇಲೆ. ಅದಕ್ಕೆ ಮಹಾದೇವಿ ಅವನ ಕೈಯನ್ನು ಸಂತೆಯಲ್ಲಿಯೇ ನೋಡಿದಳು. ಕುಕ್ಕರಗಾಲಲ್ಲಿ ಕುಳಿತವನಿಗೆ ಎಟುಕುವ ಹಾಗೆ ಗಾಡಿಯ ಬದಿಗೆ, ತಳಮಟ್ಟದಲ್ಲಿ, ನಾಲ ಮತ್ತು ಮೊಳೆಗಳ ಡ್ರಾವರು ಇಟ್ಟೆವು.

ಗಾಡಿಯನ್ನು ಸಂತೆಗೆ ಒಯ್ದು, ಎಲ್ಲ ಸರಿಯಾಯಿತು ಎನ್ನುವಾಗ ಗಾಡಿಯ ಸರಿಯುವ ಬಾಗಿಲು ದಡಾಲ್ ಎಂದು ಸಪ್ಪಳ ಮಾಡಿತು. ಕೆಡವಿದ ಎತ್ತು ಹಗ್ಗದ ಸಮೇತ ಎದ್ದು ಸಂತೆಯೊಳಗೆ ನುಗ್ಗಿತು. ಬದನೆಕಾಯಿ ರಾಶಿಗಳು ದಿಕ್ಕಾಪಾಲಾದವು. ಲಗಮಣ್ಣ ಹಿಂದೆ ಓಡಿದ, ನಾನೂ ಓಡಿದೆ. ಅಂಗಡಿಗೆ ಬಂದ ಮೇಲೆ ಮಹಾದೇವಿ ಬಾಗಿಲನ್ನೇ ತೆಗೆಸಿ, ದಪ್ಪ ತಾಡಪತ್ರಿಯ ಪರದೆ ಹಾಕಿಸಿದಳು.

“ಏನ ವೈನಿ, ನನ್ನ ಗಾಡಿಗೆ ಸೀರಿ ಉಡಿಸಿಬಿಟ್ರೆಲ್ಲ,” ಎಂದು ಲಗಮಣ್ಣ ಮುಖ ಸಣ್ಣದು ಮಾಡಿದ.

“ಸೀರಿ ನಾ ಉಡಿಸೀನಿ. ಕುಬಸದ ಕಾರ್ಯಾ ನೀ ಮಾಡು.”

ಕೆಲಸದ ರೀತಿ ನಮ್ಮ ಕಣ್ಣೆದುರಿಗೇ ಬದಲಾಯಿತು. ಮೊದಲು ಜನರೇಟರು ಹೇರುತ್ತಿದ್ದೆವು. ಅದರ ಹೊಗೆ ಒಳಗೆ ಬರದಂತೆ ಮಾಡುವುದೇ ಅರ್ಧ ಕೆಲಸ. ಈಗ ಬ್ಯಾಟರಿ, ಇನ್ವರ್ಟರ್, ತಲೆಯ ಮೇಲೆ ಸೌರಫಲಕ. ಮೊದಲು ಆ್ಯಂಗಲ್, ಆಮೇಲೆ ಚೌಕ ಪೈಪು, ಈಗ ಅಲ್ಯುಮಿನಿಯಂ. ಈಗ ಸಿದ್ಧ ಖಾನೆಗಳು ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆಗೆ ಬರುತ್ತವೆ. ಕೆಟ್ಟವೇನೂ ಅಲ್ಲ, ಕೆಲವು ನನ್ನ ಕೈಕೆಲಸಕ್ಕಿಂತ ಹಗುರ ಮತ್ತು ಗಟ್ಟಿ.

ಯಾವುದನ್ನೇ ಹಾಕಿದರೂ ಕೆಲವು ಮಾತು ನೆನಪಿರಲಿ. ವೈಸ್, ಬ್ಯಾಟರಿಯಂಥ ಭಾರದ ಸಾಮಾನು ಕೆಳಗೆ ಇರಬೇಕು, ಹಿಂದಿನ ಗಾಲಿಗಿಂತ ಮುಂದಕ್ಕೆ ಇರಬೇಕು. ಬಾಲಕ್ಕೆ ಭಾರ ಹಾಕಿದರೆ ತಿರುವಿನಲ್ಲಿ ಮುಂದಿನ ಗಾಲಿ ಮಾತು ಕೇಳುವುದಿಲ್ಲ. ಡ್ರಾವರಿಗೆ ಕೊಂಡಿ ಇಲ್ಲದಿದ್ದರೆ ಮೊದಲ ಬ್ರೇಕಿಗೆ ಎಲ್ಲ ಮೊಳೆ ಡ್ರೈವರನ ಬೆನ್ನಿಗೆ ಬರುತ್ತವೆ. ಗ್ಯಾಸು ಇಟ್ಟರೆ ನೆಲಮಟ್ಟದಲ್ಲಿ ಗಾಳಿಗೆ ಕಿಂಡಿ ಇರಲಿ, ಸೋರಿದ ಗ್ಯಾಸು ಕೆಳಗೆ ಕೂಡುತ್ತದೆ. ನಮ್ಮ ಕಪ್ಪು ಎರೆ ಮಣ್ಣಿನ ಧೂಳು ಸಣ್ಣ ಸಂದಿಯಿಂದಲೂ ನುಗ್ಗುತ್ತದೆ, ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಹಚ್ಚಿರಿ. ಬೇಸಿಗೆಯಲ್ಲಿ ನಿಂತ ಗಾಡಿಯ ತಗಡು ಮುಟ್ಟಲು ಬರುವುದಿಲ್ಲ, ಚಾವಣಿಗೆ ಒಳಗಿನಿಂದ ಥರ್ಮೋಕೋಲ್ ಮತ್ತು ಪ್ಲೈವುಡ್ ಹಾಕಿರಿ. ಆರ್.ಟಿ.ಓ. ಪಾಸಿಂಗಿಗೆ ತೊಂದರೆಯಾಗುವ ಹಾಗೆ ಗಾಡಿಯ ಮೂಲ ಚೌಕಟ್ಟನ್ನು ಕೊಯ್ಯಬೇಡಿರಿ, ಗಿರಾಕಿ ಎಷ್ಟು ಕೇಳಿದರೂ.

ಇನ್ನು ಶ್ರೀಶೈಲನ ಗಾಡಿಯ ವಿಷಯ.

ಮಹಾದೇವಿ ಹೋದ ದಿನ ಅದು ಬೇವಿನ ಕೆಳಗೆ ನಿಂತೇ ಇತ್ತು. ಮನೆ ತುಂಬ ನೆಂಟರು. ಮಲಗಲು ಜಾಗ ಸಾಲದೆ ಹಾಸಿಗೆ, ಚಾದರ, ಚೀಲಗಳನ್ನು ಯಾರೋ ಆ ಗಾಡಿಯೊಳಗೆ ತುಂಬಿದ್ದರು. ದಿನಕರ್ಮ ಮುಗಿದು ಎಲ್ಲರೂ ಊರಿಗೆ ಹೋದ ಮೇಲೆ ಹೋಗಿ ನೋಡಿದೆ. ಹಾಸಿಗೆ ತಿಕ್ಕಿ ತಿಕ್ಕಿ ಖಡುವಿನ ಗುರುತು ಹೆಚ್ಚಿನವು ಅಳಿಸಿಹೋಗಿದ್ದವು. ಉಳಿದವು ಯಾವುದರ ಗುರುತು ಎಂದು ಹೇಳುವವಳು ಇರಲಿಲ್ಲ.

ಶ್ರೀಶೈಲ ಬಂದ. ಗಾಡಿಯ ಮಾತು ಎತ್ತಲಿಲ್ಲ. ಜಗುಲಿಯ ಮೇಲೆ ಕುಳಿತ. ನಾನೇ ಕೇಳಿದೆ.

“ಚಾಟಣಿ ಶುರು ಆತೇನು?”

“ಇನ್ನೇನ ಆಗ್ತೈತ್ರಿ. ಮ್ಯಾಲಿನ ತೋಟದಾಗ ಕತ್ತರಿ ತಗದಾರ. ಇನ್ನೊಬ್ಬಾಂವ ಮಿಸ್ತ್ರಿ ತಿರಗ್ಯಾಡಾಕತ್ತಾನ ಅಂದ್ರು. ಇರಲಿ ಕಾಕಾ. ನಿಮ್ಮ ಮನಸ್ಸ ನೆಟ್ಟಗಾಗ್ಲಿ.”

“ನಾಳಿ ಬಾ. ಕೈ ನೋಡೂಣು.”

ಮರುದಿನ ಅವನು ಗಾಡಿಯಲ್ಲಿ ಕುಳಿತ, ನಾನು ಅವಳ ಸ್ಟೂಲಿನ ಮೇಲೆ ಕುಳಿತೆ. ಅವನ ಮುಂದೆ ಅದೇ ಹಳೆಯ ಪಂಪು. ನಾನು ಖಡು ಹಿಡಿದು ಅವನ ಕೈ ನೋಡತೊಡಗಿದೆ. ಅವನು ನನ್ನ ಮುಖ ನೋಡತೊಡಗಿದ.

“ಏನರ ಮಾತಾಡ್ರಿ ಕಾಕಾ.”

“ಮಳಿ ಹೆಂಗ ಆತು ನಿಮ್ಮ ಕಡೆ?”

“ಆತ್ರಿ.”

“ಬೆಳಿ?”

“ಅದಾವ್ರಿ.”

ಅವನು ಪರೀಕ್ಷೆಗೆ ಕುಳಿತವನ ಹಾಗೆ ಒಂದೊಂದು ಸಾಮಾನನ್ನೂ ಯೋಚಿಸಿ ಯೋಚಿಸಿ ಇಟ್ಟ. ನಾನು ಗುರುತು ಹಾಕಿದೆ. ಅದರಂತೆ ಬಲಬದಿಯ ಚೌಕಟ್ಟು ಮಾಡಿ ಕೂಡಿಸಿದೆ. ಅವನು ಸಾಮಾನು ತಂದು ತುಂಬಿ, ಒಂದು ಪಂಪು ಬಿಚ್ಚಿ ನೋಡಿದ. ವಾಲ್ವ್ ತೆಗೆಯುವ ಪಾನಾಕ್ಕೆ ಅವನ ಕೈ ಬರಿಯ ಗಾಳಿಯಲ್ಲಿ ಹೋಗಿ ನಿಂತಿತು. ರಬ್ಬರ್ ರಿಂಗಿನ ಡಬ್ಬಿಗೂ ಹಾಗೆಯೇ. ನನ್ನ ಕಡೆ ನೋಡಿ ಮುಗುಳ್ನಕ್ಕ.

“ಇರಲಿ ಬಿಡ್ರಿ ಕಾಕಾ. ನಾ ರೂಢಿ ಮಾಡ್ಕೋತೇನಿ.”

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಮಹಾದೇವಿ ಕೈ ನೋಡತೊಡಗಿದ ಮೇಲೆ ನಮ್ಮ ಅಂಗಡಿಯಿಂದ ಯಾರೂ ಆ ಮಾತು ಹೇಳಿ ಹೋಗಿರಲಿಲ್ಲ. ಮನುಷ್ಯ ಗಾಡಿಗೆ ರೂಢಿಯಾಗುವುದಾದರೆ ಮಹಾದೇವಿ ಇಷ್ಟು ವರ್ಷ ಆ ಸ್ಟೂಲಿನ ಮೇಲೆ ಕುಳಿತದ್ದು ಯಾತಕ್ಕೆ? ಅವಳು ಕೊನೆಯದಾಗಿ ಕೈಯಿಟ್ಟ ಗಾಡಿ ಅದು. ನಾನು ಪಾನಾ ತೆಗೆದುಕೊಂಡು, ಕೂಡಿಸಿದ ಬೋಲ್ಟುಗಳನ್ನೆಲ್ಲ ಬಿಚ್ಚಿದೆ.

“ಕಾಕಾ, ಹೊತ್ತ ಆಗ್ತೈತ್ರಿ,” ಎಂದ ಶ್ರೀಶೈಲ. ಅವನ ದನಿಯಲ್ಲಿ ಮೊದಲ ಸಲ ಆತಂಕ ಕಂಡಿತು. ತೋಟದವರು ಇನ್ನೊಬ್ಬ ಮಿಸ್ತ್ರಿಗೆ ಒಗ್ಗಿಕೊಂಡರೆ ತಿರುಗಿ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

“ನಾಳಿ ಒಂದ ದಿನ ಕೊಡು.”

ಮರುದಿನ ಮತ್ತೆ ಇಬ್ಬರೂ ಹಾಗೆಯೇ ಕುಳಿತೆವು. ಅವನು ಪಂಪಿನ ತಲೆ ಬಿಚ್ಚತೊಡಗಿದ. ಒಂದು ವಿಷಯ ಮಾತ್ರ ನಿಜವಾಗಿ ತಿಳಿಯಬೇಕು ಅನಿಸುತ್ತಿತ್ತು, ಅದನ್ನೇ ಕೇಳಿದೆ.

“ಆ ದಿನ ಆಕಿ ನಿನ್ನ ಜೋಡಿ ಏನ ಮಾತಾಡಿದ್ಲು?”

ಅವನ ಕೈ ನಿಂತಿತು.

“ನಿಮ್ಮ ಮಾತಾ ಜಾಸ್ತಿ ಇದ್ವು ಕಾಕಾ.”

“ನಂದೇನ ಇರ್ತೈತಿ?”

“ಏನೇನ ಹೇಳಿದ್ರು ಕೇಳ್ರಿ. ಮದುವ್ಯಾದ ಹೊಸತನದಾಗ ನೀವು ಮೂಕ ಅಂತ ತಿಳಕೊಂಡಿದ್ರಂತ್ರಿ. ನಮ್ಮ ಅಪ್ಪ ಮೋಸಾ ಹೋಗ್ಯಾನ, ಮಾತ ಬರಲಾರದಾಂವಗ ಕೊಟ್ಟಾನ ಅಂತ.” ಅವನು ಈಗ ಅವಳ ಹಾಗೆಯೇ ಕುತ್ತಿಗೆ ಆಡಿಸಿ ಹೇಳತೊಡಗಿದ್ದ, ಕೈಗಳು ಮತ್ತೆ ಪಂಪಿಗೆ ಹೋಗಿದ್ದವು. “ಒಂದಿನ ನೀರ ತರಾಕ ಹ್ವಾದಾಗ ಹಿತ್ತಲದಾಗ ನೀವು ಎಮ್ಮಿ ಜೋಡಿ ಮಾತಾಡೂದ ಕೇಳಿದ್ರಂತ. ‘ಬಾರವ್ವಾ ನಮ್ಮವ್ವಾ, ನಿಂದರ ನನ್ನ ಬಂಗಾರಿ’ ಅಂತ. ಕೊಡಾ ಅಲ್ಲೇ ಇಟ್ಟು ಅತ್ರಂತ್ರಿ ಕಾಕು. ಎಮ್ಮಿಗಿ ಬಂಗಾರಿ ಅಂತಾರ, ನನಗ ಒಂದ ಮಾತಿಲ್ಲ ಅಂತ.”

ಅವಳು ಅತ್ತದ್ದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳು ಇದನ್ನು ನನಗೆ ಹೇಳಿರಲಿಲ್ಲ, ಗಾಡಿಯಲ್ಲಿ ಕುಳಿತ ಪಂಪಿನ ಮಿಸ್ತ್ರಿಗೆ ಹೇಳಿದ್ದಳು. ಇದ್ದ ಸಂಗತಿ ಹೇಳಿದೆ.

“ಆ ಎಮ್ಮಿ ಹಾಯತಿತ್ತೋ. ಅದಕ್ಕ ರಮಿಸಿ ಮಾತಾಡಸ್ತಿದ್ನಿ.”

ಶ್ರೀಶೈಲ ಗಾಡಿ ಅಲುಗಾಡುವ ಹಾಗೆ ನಕ್ಕ. “ಹಾಂ, ಅದನ್ನೂ ಅಂದ್ರು ಮತ್ತ! ‘ನಾನೂ ಒಂದ ಸಲ ಹಾದಿದ್ರ ನನಗೂ ಬಂಗಾರಿ ಅಂತಿದ್ರೋ ಏನೋ’ ಅಂತ.”

ನಾನೂ ನಕ್ಕೆ. ಅವಳು ಹೋದ ಮೇಲೆ ಮೊದಲ ಸಲ. ನಗುತ್ತಲೇ ನೋಡಿದರೆ ಅವನ ಎಡಗೈ ತಲೆಯ ಮೇಲೆ ಹೋಗಿ ಏನೋ ತಡಕುತ್ತಿತ್ತು, ಬಲಗೈ ಮೊಣಕಾಲ ಹತ್ತಿರದಿಂದ ಪಾನಾ ಎತ್ತಿಕೊಂಡಿತ್ತು. ಅವನಿಗೆ ಅದರ ಪರಿವೆ ಇರಲಿಲ್ಲ. ನಾನು ಸದ್ದಿಲ್ಲದೆ ಖಡು ಆಡಿಸಿದೆ. ಮುಂದೆ ನಾನು ಕೇಳುವುದೇ ಬೇಕಾಗಲಿಲ್ಲ. ಲಗಮಣ್ಣನ ಎತ್ತಿನ ಕಥೆಯನ್ನು ಅವಳು ಹೇಳಿದ ಹಾಗೆಯೇ ಹೇಳಿದ. ಸೋರುವ ಮನೆಯಲ್ಲಿ ನಾನು ನಿದ್ದೆಗಣ್ಣಿನಲ್ಲಿ ಪಾತ್ರೆಯ ಬದಲು ಜರಡಿ ಇಟ್ಟದ್ದು, ಅವಳ ತವರಿಗೆ ಹೋದಾಗ ನಾಚಿಕೆಯಿಂದ ಉಪವಾಸ ಮಲಗಿದ್ದು, ಎಲ್ಲ ಬಂದವು. ಕಣ್ಣು ಮಂಜಾದಾಗ ಅಂಗಿಯ ತೋಳಿಗೆ ಒರೆಸಿಕೊಂಡು ಗುರುತು ಹಾಕಿದೆ. ಯಾವ ಗುರುತು ಯಾವುದರದು ಎಂದು ತಲೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ, ಪಕ್ಕದಲ್ಲಿ ಬರೆದುಕೊಂಡೆ.

ಚಾಟಣಿ ಜೋರಾಗುವ ಮೊದಲೇ ಗಾಡಿ ಮುಗಿಯಿತು. ಉಸುಕಿನ ಚೀಲ ಹೇರಿ, ಶ್ರೀಶೈಲನಿಗೆ ಓಡಿಸಲು ಹೇಳಿ, ನಾನು ಹಿಂದೆ ಕುಳಿತು ಸಿಂದಗಿ ರಸ್ತೆಯಲ್ಲಿ ಒಂದು ಸುತ್ತು ಬಂದೆ. ಎಲ್ಲಿಯೂ ಕಿಟಿಕಿಟಿ ಇರಲಿಲ್ಲ. ಹಂಗಾಮಿನ ನಡುವೆ ಅವನು ತೋಟದಿಂದ ಫೋನು ಮಾಡಿದ. ಹಿಂದೆ ಔಷಧ ಹೊಡೆಯುವ ಸಪ್ಪಳ.

“ಕಾಕಾ, ಗಾಡಿ ಕೈಗೆ ಹತ್ತೇತ್ರಿ. ಊಟಕ್ಕ ಕುಂಡ್ರಾಕ ಹೊತ್ತಿಲ್ಲ ನೋಡ್ರಿ.”

ಅದಾದ ಮೇಲೆ ಮುದ್ದೇಬಿಹಾಳ ಕಡೆಯಿಂದ ಗ್ಯಾಸ್ ಒಲೆ ರಿಪೇರಿಯವರೊಬ್ಬರು ಹೊಸ ವ್ಯಾನು ತಂದರು. ನಮ್ಮ ಅಂಗಡಿಯ ಹೆಸರು ಕೇಳಿ ಬಂದವರು, ಮಹಾದೇವಿಯನ್ನು ನೋಡಿದವರಲ್ಲ. ಗಾಡಿಯಲ್ಲಿ ಕೂಡಿಸಿ ಸ್ಟೂಲಿನ ಮೇಲೆ ಕುಳಿತೆ. ಮಳೆ ಕೇಳಿದೆ, ಬೆಳೆ ಕೇಳಿದೆ. ಶಾಲೆಯಲ್ಲಿ ಮಾಸ್ತರರು ಹೊಡೆಯುತ್ತಿದ್ದರೇ ಎಂದೂ ಕೇಳಿದೆ. “ಇಲ್ರಿ,” ಎಂದರು. ಅವಳ ವಿಷಯ ಹೇಳೋಣವೆಂದರೆ, ಗೊತ್ತಿಲ್ಲದವರ ಮುಂದೆ ಎಲ್ಲಿಂದ ಶುರು ಮಾಡಲಿ? ಆಮೇಲೆ ನಾನೇ ಎದ್ದು ಕೈಮುಗಿದು, ವಿಜಯಪುರದಲ್ಲಿ ಚೆನ್ನಾಗಿ ಮಾಡುವವರ ಅಂಗಡಿ ತೋರಿಸಿ ಕಳಿಸಿದೆ. ಅಂದಿಗೆ ನನ್ನ ಕೆಲಸ ಮುಗಿಯಿತು, ಆಮೇಲೆ ಬೇರೆ ಗಾಡಿ ಹಿಡಿಯಲಿಲ್ಲ.

ಭಾರ ಎಲ್ಲಿ ಇಡಬೇಕು, ಬೋಲ್ಟು ಎಲ್ಲಿ ಬಿಗಿಯಬೇಕು, ಧೂಳು ಹೇಗೆ ತಡೆಯಬೇಕು, ಇವನ್ನು ನನಗೆ ತಿಳಿದಷ್ಟು ಬರೆದಿದ್ದೇನೆ. ಗಾಡಿಯಲ್ಲಿ ಕುಳಿತ ಮನುಷ್ಯನನ್ನು ಮಾತಾಡಿಸುವುದು ಹೇಗೆ ಎಂಬುದು ಅವಳಿಗೆ ಗೊತ್ತಿತ್ತು. ಅದು ಈ ಬರಹದಲ್ಲಿ ಇಲ್ಲ.